ಇನ್‌ಸ್ಪೆಕ್ಟರರ ಊಟ

ನನ್ನ ತವರೂರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿ. ಕರೆಂಟು ಹೋದರೆ ನಮ್ಮಲ್ಲಿ ಯಾರೂ ಕೆ.ಇ.ಬಿ.ಯನ್ನು ಬೈಯುತ್ತಿರಲಿಲ್ಲ. "ಸೊಸೈಟಿಯವ್ರು ತಗದಾರ" ಎನ್ನುವುದೇ ರೂಢಿ. ಬೇರೆ ಊರುಗಳಲ್ಲಿ ದೀಪ ಬೆಳಗಿಸುವುದು ಸರಕಾರದ ಮಂಡಳಿ ಎಂಬುದು ನನಗೆ ತಿಳಿದದ್ದು ಬಿ.ಎ. ಓದಲು ಊರು ಬಿಟ್ಟ ಮೇಲೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಹಳ್ಳಿಯ ಜನರೇ ಶೇರು ಹಾಕಿ ಕರೆಂಟು ಹಂಚಿಕೊಂಡರೆ ಹೇಗೆ ಎಂದು ದೇಶದಲ್ಲಿ ಪ್ರಯೋಗಕ್ಕೆ ಆರಿಸಿದ ಐದು ಸಂಘಗಳಲ್ಲಿ ನಮ್ಮದೂ ಒಂದು. ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ ಸಿರಿಸಿಲ್ಲ ಇದರ ಓರಗೆಯವು.

ಅವ್ವ ಆ ಸಂಘದ ಬಿಲ್ಲುಗಳನ್ನೆಲ್ಲ ತಂತಿಗೆ ಪೋಣಿಸಿ ಅಡುಗೆಮನೆಯ ಮೊಳೆಗೆ ನೇತು ಹಾಕುತ್ತಿದ್ದಳು. ಅಕ್ಷರ ಕಲಿತವಳಲ್ಲ, ಆದರೆ ಅಂಕಿ ಬಲ್ಲಳು. ಕೆಲವು ವರ್ಷಗಳ ಹಿಂದೆ ರೇಟು ಏರಿದಾಗ ನನ್ನನ್ನು ಕೇಳಿದಳು: "ಸೊಸೈಟಿ ನಮ್ಮದ, ಶೇರಾ ನಮ್ಮದ. ಮತ್ತ ರೇಟ ಬೆಂಗಳೂರಾಗ ಯಾಕ ಠರಾಸ್ತಾರವಾ?"

ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳಿಗೆ ಉತ್ತರ ಬರಲಿಲ್ಲ. ನಾಚಿಕೆಯಾಗಿ ಓದತೊಡಗಿದೆ.

ಬೆಳಕಿನ ವಿಷಯದಲ್ಲಿ ನಮ್ಮ ಸೀಮೆ ಹಿಂದುಳಿದದ್ದಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ ಗಿರಣಿ ತಿರುಗಿದ್ದು 1887ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ. ನಮ್ಮ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಬುಡದಲ್ಲೂ 32 ಮೆಗಾವ್ಯಾಟಿನ ವಿದ್ಯುದಾಗಾರವಿದೆ. ಅದನ್ನು ಮಕ್ಕಳಿಗೆ ತೋರಿಸಲು ಕರೆದುಕೊಂಡು ಹೋದಾಗಲೆಲ್ಲ ನೀರು ಎಷ್ಟು, ಯಂತ್ರ ಎಷ್ಟು ಎಂದು ಬರೆಸಿದ್ದೇನೆಯೇ ಹೊರತು ಬೆಲೆ ಯಾರು ಕಟ್ಟುತ್ತಾರೆ ಎಂದು ಒಮ್ಮೆಯೂ ಕೇಳಿಸಿರಲಿಲ್ಲ.

1957ರಲ್ಲಿ ಬಂದ ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ ಬೆಲೆ ಏರಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಸರಕಾರದ ಮನಸ್ಸು. ಚುನಾವಣೆ ಸಮೀಪಿಸಿದರೆ ಆ ಮನಸ್ಸು ಮೃದುವಾಗುವುದು ಸಹಜವೇ. ಮಂಡಳಿ ಸಾಲದಲ್ಲಿ ಮುಳುಗಿತು. 1999ರಲ್ಲಿ ರಾಜ್ಯ ಸುಧಾರಣಾ ಕಾಯ್ದೆ ತಂದು, ಮಂಡಳಿಯನ್ನು ಕಂಪನಿ ಮಾಡಿ, ಬೆಲೆ ನಿಗದಿಯನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೈಗೆ ಕೊಟ್ಟರು. 2002ರಲ್ಲಿ ಹಂಚಿಕೆಗೆ ಬೇರೆ ಕಂಪನಿಗಳಾದವು. ನಮ್ಮ ಕಡೆಗೆ ಹೆಸ್ಕಾಂ. ಕಂಪನಿಗಳು ಲೆಕ್ಕ ಒಪ್ಪಿಸಿ ಇಷ್ಟು ಏರಿಸಿಕೊಡಿ ಎನ್ನಬೇಕು, ಜನ ತಕರಾರು ಹೇಳಬಹುದು, ಆಯೋಗ ಎರಡನ್ನೂ ಕೇಳಿ ತೀರ್ಮಾನಿಸಬೇಕು. ನಮ್ಮ ಸೊಸೈಟಿಯ ದರವೂ ಅಲ್ಲಿಯೇ ನಿಗದಿಯಾಗುತ್ತದೆ. ಅವ್ವನ ಪ್ರಶ್ನೆಗೆ ಇಷ್ಟು ಉತ್ತರ ಸಾಕಿತ್ತೇನೋ. ನನಗೇ ಸಾಲಲಿಲ್ಲ, ಏಕೆಂದರೆ ಒಂದು ಹಳೆಯ ಸಂಗತಿ ನೆನಪಾಯಿತು.

ನಾನು ನೌಕರಿಗೆ ಸೇರಿದ ಹೊಸತರಲ್ಲಿ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಿದ್ದರು. ಹಿಂದಿನ ದಿನವೇ ನಮ್ಮಿಂದ ವರ್ಗಣಿ ಎತ್ತಿದ್ದರು. ಹೋಳಿಗೆ, ಎಣ್ಣೆಗಾಯಿ, ಜೊತೆಗೆ ಹೋಗುವಾಗ ಒಂದು ಬುಟ್ಟಿ ಗೋಕಾಕದ ಕರದಂಟು. ನನ್ನ ತರಗತಿಯಲ್ಲಿ ಹಾಜರಿ ತಪ್ಪಿತ್ತು, ಕರಿಹಲಗೆ ಒಡೆದಿತ್ತು. ಸಾಹೇಬರು ಎರಡನ್ನೂ ನೋಡಿದರು, ಬರೆಯಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ. ಒಡೆದ ಹಲಗೆ ಮತ್ತೆ ಮೂರು ವರ್ಷ ಹಾಗೆಯೇ ಇತ್ತು! ಕೆಟ್ಟ ಮನುಷ್ಯರಲ್ಲ ಅವರು. ಆದರೆ ಊಟ ನಮ್ಮದಾಗಿತ್ತು.

ಹಾಗಾದರೆ ಆಯೋಗದ ಊಟ ಯಾರದು?

2003ರ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ 102ರಿಂದ 106ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ರಾಜ್ಯ ಸರಕಾರ ಆಯೋಗಕ್ಕೆ ಅನುದಾನ ಅಥವಾ ಸಾಲ ಕೊಡಬಹುದು. ಆದರೆ ಅದಕ್ಕೆ ಮೊದಲು ಶಾಸನಸಭೆ ಆ ಹಣವನ್ನು ಮಂಜೂರು ಮಾಡಿರಬೇಕು. ಆ ಹಣ, ಆಯೋಗಕ್ಕೆ ಬರುವ ಶುಲ್ಕ, ಎರಡೂ ಒಂದು ನಿಧಿಗೆ ಸೇರುತ್ತವೆ. ಸದಸ್ಯರ ಸಂಬಳ, ನೌಕರರ ಸಂಬಳ, ಕಚೇರಿಯ ಖರ್ಚು ಎಲ್ಲ ಅದರಿಂದಲೇ. ಮುಂದಿನ ವರ್ಷದ ಆಯವ್ಯಯವನ್ನು ಆಯೋಗ ಸಿದ್ಧಪಡಿಸಿ ಸರಕಾರಕ್ಕೆ ಕಳಿಸಬೇಕು. ವರ್ಷ ಮುಗಿದ ಮೇಲೆ ಮಹಾಲೇಖಪಾಲರು ಲೆಕ್ಕ ತಪಾಸಿಸಬೇಕು, ಆ ವರದಿಯನ್ನು ಸದನದ ಮುಂದೆ ಇಡಬೇಕು.

ಓದುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ತೊಡಕು ಇರುವುದು ಬೇರೆ ಕಡೆ. ಆಯೋಗ ತಪಾಸಿಸಬೇಕಾದ ಹೆಸ್ಕಾಂನಂಥ ಕಂಪನಿಗಳ ಒಡೆಯ ರಾಜ್ಯ ಸರಕಾರವೇ. 2008ರಿಂದ ಹತ್ತು ಎಚ್.ಪಿ.ವರೆಗಿನ ರೈತರ ಪಂಪ್‌ಸೆಟ್ಟಿಗೆ, 2023ರಿಂದ ಗೃಹಜ್ಯೋತಿಯಲ್ಲಿ ನಮ್ಮ ನಿಮ್ಮ ಮನೆಗಳಿಗೆ ಪುಕ್ಕಟೆ ಕರೆಂಟು ಕೊಟ್ಟಿದ್ದಕ್ಕೆ ಸಹಾಯಧನ ತುಂಬಬೇಕಾದದ್ದೂ ಅದೇ ಸರಕಾರ. ಆ ಹಣವನ್ನು ಮುಂಗಡವಾಗಿ ತುಂಬಬೇಕೆಂದು ಕಾಯ್ದೆಯ 65ನೆಯ ಕಲಮು ಹೇಳುತ್ತದೆ. ತುಂಬದಿದ್ದರೆ ತುಂಬಿಲ್ಲ ಎಂದು ಹೇಳಬೇಕಾದವರು ಯಾರು? ಆಯೋಗ. ಆ ಆಯೋಗದ ಆಯವ್ಯಯ ಹೋಗಿ ಕೂರುವುದು ಯಾರ ಮೇಜಿನ ಮೇಲೆ? ಅದೇ ಸರಕಾರದ್ದು. ಹೋಳಿಗೆ, ಕರದಂಟು ಏನೂ ಇಲ್ಲ, ಒಂದು ಕಡತ ತಡವಾದರೂ ಸಾಕು.

ಹೈಕೋರ್ಟಿನ ನ್ಯಾಯಾಧೀಶರ ಸಂಬಳಕ್ಕೆ ಸಂವಿಧಾನ ಬೇರೆ ದಾರಿ ಮಾಡಿದೆ. ಅದು ರಾಜ್ಯದ ಸಂಚಿತ ನಿಧಿಯ ಮೇಲಿನ ನೇರ ಹೊರೆ. ಸದನ ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಆಯೋಗದ ಸದಸ್ಯರಿಗೆ 2003ರ ಕಾಯ್ದೆ ಕೊಟ್ಟಿರುವ ಆಸರೆ ಚಿಕ್ಕದು. ನೇಮಕವಾದ ಮೇಲೆ ಅವರ ಸಂಬಳವನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು, ಅಷ್ಟೆ. ಕಚೇರಿಗೆ ಲೆಕ್ಕ ಬಲ್ಲ ಎಷ್ಟು ಜನ ಬೇಕು ಎಂಬ ಪ್ರಶ್ನೆಗೆ ಈ ಆಸರೆ ತಾಕುವುದಿಲ್ಲ.

ಹಾಗೆಂದು ಹಣದ ವಿಷಯದಲ್ಲಿ ಆಯೋಗವನ್ನು ಪೂರ್ತಿ ಸ್ವತಂತ್ರ ಬಿಟ್ಟರೆ? ಅಮೆರಿಕದ ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯಗಳು 1907ರಲ್ಲೇ ಇಂಥ ಆಯೋಗಗಳನ್ನು ಮಾಡಿದವು. ಅಲ್ಲಿನ ಅನೇಕ ರಾಜ್ಯಗಳಲ್ಲಿ ಖರ್ಚನ್ನು ಕಂಪನಿಗಳಿಂದಲೇ ವಸೂಲು ಮಾಡುತ್ತಾರೆ, ಆದರೆ ಎಷ್ಟು ಖರ್ಚು ಮಾಡಬಹುದೆಂದು ಶಾಸನಸಭೆ ಗೊತ್ತು ಮಾಡುತ್ತದೆ. ಕಂಪನಿಯ ಶುಲ್ಕವೂ ಕೊನೆಗೆ ನಮ್ಮ ಬಿಲ್ಲಿನಲ್ಲೇ ಬರುವುದು, ಸರಕಾರದ ಅನುದಾನವೂ ನಮ್ಮ ತೆರಿಗೆಯೇ. ಅಂದ ಮೇಲೆ ನಮ್ಮ ಪರವಾಗಿ ಲೆಕ್ಕ ಕೇಳುವವರು ಬೇಕೇ ಬೇಕು.

ಮನೆ ನಡೆಸುವ ನಮಗೆ ಇದು ಹೊಸದಲ್ಲ. ತಿಂಗಳ ಖರ್ಚಿನ ಲೆಕ್ಕ ಕೇಳುವುದು ಬೇರೆ, ಕಾಯಿಪಲ್ಲೆಗೆ ಹೊರಟವಳನ್ನು ಪ್ರತಿಸಲವೂ ಕೈಯೊಡ್ಡಿ ನಿಲ್ಲಿಸುವುದು ಬೇರೆ. ಕೈಯೊಡ್ಡಿ ನಿಂತವಳು ಆ ಮನೆಯಲ್ಲಿ ತಪ್ಪನ್ನು ತಪ್ಪು ಎಂದಾಳೆಯೇ? ಆಯೋಗಕ್ಕೆ ಹಣವನ್ನು ವರ್ಷದ ಮೊದಲೇ ಸದನ ಪೂರ್ತಿ ಮಂಜೂರು ಮಾಡಿ, ಇಲಾಖೆಯ ಕಡತದಲ್ಲಿ ನಿಲ್ಲದಂತೆ ತಲುಪಿಸಿ, ವರ್ಷದ ಕೊನೆಗೆ ಬಿಗಿಯಾಗಿ ಲೆಕ್ಕ ಕೇಳಲಿ ಎನ್ನುವುದು ನನ್ನ ಅಭಿಪ್ರಾಯ. ಕೇಳುವವರು ಕೇಳುತ್ತಾರೆಯೇ ಎಂಬುದೇ ನನ್ನ ಅನುಮಾನ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದ ಮೇಲೆ ಸದನವೇ ನಮ್ಮ ಬಾಗಿಲಿಗೆ ಬರುತ್ತದೆ. ಗದ್ದಲದ ನಡುವೆ ಬೇಡಿಕೆಗಳು ಚರ್ಚೆಯಿಲ್ಲದೆ ಪಾಸಾದ ಸುದ್ದಿಯನ್ನು ನೀವೂ ಓದಿದ್ದೀರಿ. ಸೊಸೈಟಿಯ ವಾರ್ಷಿಕ ಸಭೆಯಲ್ಲಾದರೆ ನಮ್ಮ ದೊಡ್ಡಪ್ಪ ಚಹಾದ ಖರ್ಚಿಗೂ ಎದ್ದು ನಿಲ್ಲುತ್ತಿದ್ದರು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇಷ್ಟನ್ನೂ ಅವ್ವನಿಗೆ ಹೇಳಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತಲೇ ಕೇಳಿದಳು. ನಡುವೆ ಒಮ್ಮೆ ತಲೆಯೆತ್ತಿ, "ಅವ್ರ ಮನಿಗೂ ಬಿಲ್ಲ ಬರ್ತದೇನ?" ಎಂದಳು.

"ಬರ್ತದ ಅವ್ವಾ."

"ಹಂಗಾರ ಅಡ್ಡಿಯಿಲ್ಲ" ಎಂದು ಮತ್ತೆ ಮೊರಕ್ಕೆ ಬಗ್ಗಿದಳು.