ಕರೆಂಟು, ನಲ್ಲಿ ಇಲ್ಲದೆಡೆ ಆರ್‌ವಿ ಬಿಡಾರ

ಅಮೆರಿಕದ ಆರ್‌ವಿ ಎಂದರೆ ಹಾಸಿಗೆ, ಒಲೆ, ಶೌಚಾಲಯವೆಲ್ಲ ಇರುವ ಮನೆಗಾಡಿ. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ದುಡ್ಡು ಕೊಟ್ಟರೆ ಕರೆಂಟು, ನೀರು, ಚರಂಡಿಯ ಸಂಪರ್ಕ ಸಿಗುತ್ತದೆ. ಈ ಮೂರೂ ಇಲ್ಲದೆ ತಂಗುವುದು ಡ್ರೈ ಕ್ಯಾಂಪಿಂಗ್. ಊರಾಚೆಯ ಬಯಲಿನಲ್ಲಾದರೆ ಬೂನ್‌ಡಾಕಿಂಗ್. ಜಾಗ ಹುಡುಕುವವರು ಮೊದಲು ಕೇಳಬೇಕಾದದ್ದು, ಈ ನೆಲ ಯಾರದು ಎಂದು.

ಸರ್ಕಾರಿ ಬಯಲು

ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಇಲಾಖೆ, ಅಂದರೆ ಬಿಎಲ್‌ಎಂ, ಸುಮಾರು 24.5 ಕೋಟಿ ಎಕರೆ ನೋಡಿಕೊಳ್ಳುತ್ತದೆ. ಕರ್ನಾಟಕದಂಥ ಐದು ರಾಜ್ಯಗಳು ಅದರೊಳಗೆ ಹಿಡಿಸುತ್ತವೆ. ಹೆಚ್ಚಿನ ಕಡೆ 28 ದಿನಗಳ ಅವಧಿಯಲ್ಲಿ 14 ದಿನ ಪುಕ್ಕಟೆ ತಂಗಬಹುದು. ಆಮೇಲೆ ಗಾಡಿ ಕದಲಿಸಲೇಬೇಕು. ಈ ನೆಲ ಬಹುಪಾಲು ಇರುವುದು ನೆವಾಡಾ, ಯೂಟಾ, ಅರಿಜೋನಾದಂಥ ಪಶ್ಚಿಮದ ರಾಜ್ಯಗಳಲ್ಲಿ ಮತ್ತು ಅಲಾಸ್ಕಾದಲ್ಲಿ. ನ್ಯೂಜೆರ್ಸಿಯ ಕನ್ನಡಿಗರು ಬೇಸಿಗೆ ರಜೆಗೆ ಆರ್‌ವಿ ಬಾಡಿಗೆ ಹಿಡಿದು ಹೊರಟರೆ ಅಕ್ಕಪಕ್ಕದಲ್ಲಿ ಇಂಥ ಬಯಲು ಸಿಕ್ಕೀತೆಂದು ನಂಬಬಾರದು.

ರಾಷ್ಟ್ರೀಯ ಅರಣ್ಯಗಳಲ್ಲೂ ಕ್ಯಾಂಪ್‌ಗ್ರೌಂಡಿನಾಚೆ ಬಿಡಾರ ಹೂಡಲು ಅವಕಾಶವಿದೆ. ಯಾವ ದಾರಿಯಲ್ಲಿ ವಾಹನ ಹೋಗಬಹುದು ಎಂಬುದನ್ನು ಅರಣ್ಯ ಸೇವೆಯ ವಾಹನ ಬಳಕೆ ನಕ್ಷೆ ತೋರಿಸುತ್ತದೆ. ಜಾಗ ಹುಡುಕುವ ಆ್ಯಪುಗಳಿಗಿಂತ ನನಗೆ ಈ ನಕ್ಷೆಯ ಮೇಲೇ ಭರವಸೆ ಹೆಚ್ಚು. ರಾಷ್ಟ್ರೀಯ ಉದ್ಯಾನಗಳ ಕಥೆ ಬೇರೆ: ಅಲ್ಲಿ ಸಾಮಾನ್ಯವಾಗಿ ಗೊತ್ತುಮಾಡಿದ ಕ್ಯಾಂಪ್‌ಗ್ರೌಂಡ್ ಬಿಟ್ಟು ರಸ್ತೆ ಬದಿಯಲ್ಲಿ ಮಲಗುವಂತಿಲ್ಲ.

ಕ್ವಾರ್ಟ್ಸೈಟ್

ಅರಿಜೋನಾದ ಈ ಪುಟ್ಟ ಊರು ಚಳಿಗಾಲದಲ್ಲಿ ಮನೆಗಾಡಿಗಳ ಜಾತ್ರೆಯಾಗುತ್ತದೆ. ಹಿಮದ ನಾಡಿನ ನಿವೃತ್ತರು ಬಿಸಿಲು ಅರಸಿ ಇಲ್ಲಿಗಿಳಿಯುತ್ತಾರೆ. ಅವರಿಗೆಂದೇ ಬಿಎಲ್‌ಎಂ 1983ರಲ್ಲಿ ದೀರ್ಘಾವಧಿ ತಂಗುದಾಣಗಳನ್ನು ಆರಂಭಿಸಿತು. ಪಕ್ಕದ ಲಾ ಪೋಸಾದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಶುಲ್ಕ ಕಟ್ಟಿ ಇಡೀ ಋತು ಇರಬಹುದು. ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದವರಿಗೆ ಈ ಬಯಲು ಪರಿಚಿತ. ಇಲ್ಲಿ ಎಲ್ಲರೂ ಮೋಜಿಗೆ ಬಂದವರಲ್ಲ. ಮನೆ ಬಾಡಿಗೆ ಕಟ್ಟಲಾಗದೆ ಗಾಡಿಯನ್ನೇ ಮನೆ ಮಾಡಿಕೊಂಡವರೂ ಇದ್ದಾರೆ.

ಅಂಗಡಿಯಂಗಳ, ತೋಟ, ರಸ್ತೆ

ದಾರಿ ನಡುವಿನ ಒಂದು ರಾತ್ರಿಗೆ ವಾಲ್‌ಮಾರ್ಟ್ ಅಂಗಳ ಹಳೆಯ ಆಸರೆ. ಆದರೆ ಅಂಗಡಿಯ ಮ್ಯಾನೇಜರ್ ಒಪ್ಪಬೇಕು, ಊರಿನ ಕಾನೂನೂ ಒಪ್ಪಬೇಕು. ಕುರ್ಚಿ ಹಾಕಿ, ಚಪ್ಪರ ಬಿಚ್ಚಿ ಕೂರುವ ಜಾಗ ಅದಲ್ಲ. ಹಾರ್ವೆಸ್ಟ್ ಹೋಸ್ಟ್ಸ್ ಎಂಬ ಜಾಲದ ಸದಸ್ಯತ್ವ ಪಡೆದವರಿಗೆ ವೈನ್ ತಯಾರಿಸುವ ದ್ರಾಕ್ಷಿ ತೋಟಗಳು, ಹೊಲಮನೆಗಳು ಜಾಗ ಕೊಡುತ್ತವೆ. ಪ್ರತಿಯಾಗಿ ಅಲ್ಲಿಯದೇನಾದರೂ ಕೊಳ್ಳುವುದು ರೂಢಿ. ಹೆದ್ದಾರಿಯ ವಿಶ್ರಾಂತಿ ತಾಣಗಳ ನಿಯಮ ರಾಜ್ಯಕ್ಕೊಂದು.

ನಗರದ ಬೀದಿಗಳು ಕಷ್ಟ. ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿದವರಿಗೆ ನಗರಗಳು ದಂಡ ಹಾಕಬಹುದೆಂದು 2024ರ ಗ್ರಾಂಟ್ಸ್ ಪಾಸ್ ನಗರದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ.

ನೀರು ಮತ್ತು ಹೊಲಸು

ಬಿಡಾರ ಎಷ್ಟು ದಿನ ನಡೆದೀತೆಂದು ಹೇಳುವುದು ಟ್ಯಾಂಕುಗಳೇ. ಕರೆಂಟಿಗೆ ಸೌರಫಲಕ, ಬ್ಯಾಟರಿ ಇವೆ; ಹೊಲಸು ತುಂಬಿದ ಟ್ಯಾಂಕಿಗೆ ಅಂಥ ಉಪಾಯವಿಲ್ಲ. ಶೌಚದ್ದು ಕಪ್ಪು ಟ್ಯಾಂಕು, ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದು ಬೂದು ಟ್ಯಾಂಕು. ಕಪ್ಪು ಟ್ಯಾಂಕನ್ನು ಡಂಪ್ ಸ್ಟೇಷನ್ನಿನಲ್ಲೇ ಬರಿದು ಮಾಡಬೇಕು. ಲಾರಿ ನಿಲ್ದಾಣಗಳಲ್ಲಿ, ಕೆಲವು ವಿಶ್ರಾಂತಿ ತಾಣಗಳಲ್ಲಿ ಆ ವ್ಯವಸ್ಥೆಯಿದೆ. ಬಯಲಿಗೆ ಇಳಿಯುವ ಮುನ್ನವೇ ಅದೆಲ್ಲಿದೆ ಎಂದು ಗುರುತು ಮಾಡಿಕೊಂಡಿರಬೇಕು.