ಕೊಲಂಬಿಯಾ ನದಿಯಾಚೆಗೆ ಬುಷ್ ಕುಟುಂಬ

1844ರಲ್ಲಿ ಮಿಸೌರಿಯಿಂದ ಆರೆಗಾನ್ ಕಡೆಗೆ ಹೊರಟ ಎತ್ತಿನ ಗಾಡಿಗಳ ಸಾಲಿನಲ್ಲಿ ಜಾರ್ಜ್ ಬುಷ್ ಅವರ ಕುಟುಂಬವೂ ಇತ್ತು. ಬುಷ್ ಆಫ್ರಿಕನ್ ಮೂಲದ ಸ್ವತಂತ್ರ ವ್ಯಕ್ತಿ, ಪತ್ನಿ ಇಸಬೆಲ್ಲಾ ಬಿಳಿಯ ಮಹಿಳೆ. ಜೊತೆಗೆ ಐವರು ಗಂಡುಮಕ್ಕಳು. ಕೈಯಲ್ಲಿ ಹಣವಿದ್ದ ಬುಷ್, ಅನುಕೂಲವಿಲ್ಲದ ಸಹಪ್ರಯಾಣಿಕರಿಗೂ ನೆರವಾದರೆಂದು ಅದೇ ವರ್ಷ ಆ ದಾರಿ ಹಿಡಿದಿದ್ದ ಜಾನ್ ಮಿಂಟೊ ಬರೆದಿಟ್ಟಿದ್ದಾರೆ. ಆರೆಗಾನ್‌ನಲ್ಲಿ ಸ್ವತಂತ್ರ ಮನುಷ್ಯನ ಹಕ್ಕು ಸಿಗದಿದ್ದರೆ ಮೆಕ್ಸಿಕೊ ಸರ್ಕಾರದ ರಕ್ಷಣೆ ಕೋರುವುದಾಗಿ ಬುಷ್ ದಾರಿಯಲ್ಲಿ ಹೇಳಿದ್ದನ್ನೂ ಅವರು ದಾಖಲಿಸಿದ್ದಾರೆ.

ಆ ಆತಂಕಕ್ಕೆ ಕಾರಣವಿತ್ತು. ಗಾಡಿಗಳು ದಾರಿಯಲ್ಲಿದ್ದಾಗಲೇ ಆರೆಗಾನ್‌ನ ತಾತ್ಕಾಲಿಕ ಸರ್ಕಾರ ಕಪ್ಪು ಜನರು ಅಲ್ಲಿ ನೆಲೆಸದಂತೆ ಕಾನೂನು ಮಾಡಿತು. ಮೀರಿದವರಿಗೆ ಚಾಟಿಯೇಟಿನ ಶಿಕ್ಷೆ. ಆ ಕಾನೂನಿನ ಹಿಡಿತವಿದ್ದದ್ದು ಕೊಲಂಬಿಯಾ ನದಿಯ ದಕ್ಷಿಣಕ್ಕೆ. ಉತ್ತರದಲ್ಲಿ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿಯ ಪ್ರಭಾವವಿತ್ತು. ಮೈಕೆಲ್ ಸಿಮನ್ಸ್ ಮತ್ತಿತರ ಬಿಳಿಯ ಸಂಗಾತಿಗಳು ಬುಷ್ ಕುಟುಂಬವನ್ನು ಕೈಬಿಡದೆ ಉತ್ತರಕ್ಕೇ ಹೊರಟರು. 1845ರಲ್ಲಿ ಪ್ಯೂಜೆಟ್ ಸೌಂಡ್‌ನ ದಕ್ಷಿಣ ತುದಿಯಲ್ಲಿ ಅವರು ಹೂಡಿದ ನೆಲೆಯೇ ಇಂದಿನ ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್. ಆ ರಾಜ್ಯದ ಆರಂಭದ ಚರಿತ್ರೆಯನ್ನು ಸಾಹಸಗಾಥೆಯಾಗಿ ಮಾತ್ರ ಓದಿದರೆ, ಈ ಜನರನ್ನು ಉತ್ತರಕ್ಕೆ ತಿರುಗಿಸಿದ ಆ ಕಾನೂನು ಮರೆಗೆ ಸರಿಯುತ್ತದೆ.

ಆ ನೆಲ ಖಾಲಿಯಾಗಿರಲಿಲ್ಲ. ಅದು ನಿಸ್ಕ್ವಾಲಿ ಮುಂತಾದ ಮೂಲನಿವಾಸಿಗಳ ನಾಡು. ಬುಷ್ ಕುಟುಂಬ ಅವರೊಡನೆ ಸ್ನೇಹದಿಂದ ಬಾಳಿತು, ನಿಜ. ಆದರೆ 1854ರ ಮೆಡಿಸಿನ್ ಕ್ರೀಕ್ ಒಪ್ಪಂದ ಆ ಮೂಲನಿವಾಸಿಗಳ ಬಹುಪಾಲು ನೆಲವನ್ನು ಕಿತ್ತುಕೊಂಡಿತು.

1846ರ ಗಡಿ ಒಪ್ಪಂದದಿಂದ ಈ ಪ್ರದೇಶ ಅಮೆರಿಕದ ಪಾಲಾದಾಗ ಬುಷ್ ಅವರ ಹಿಡುವಳಿಯೂ ಅತಂತ್ರವಾಯಿತು. 1850ರ ಭೂಕಾಯ್ದೆಯಡಿ ಕಪ್ಪು ಜನರಿಗೆ ಜಮೀನು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಇಡೀ ಪ್ರದೇಶವೇ ಬುಷ್ ಅವರ ಋಣದಲ್ಲಿತ್ತು: 1852ರ ಸುಮಾರಿಗೆ ಧಾನ್ಯದ ಅಭಾವ ಉಂಟಾದಾಗ ಅವರು ದುಬಾರಿ ಬೆಲೆಗೆ ಮಾರದೆ ಹೊಸದಾಗಿ ಬಂದವರಿಗೆ ಹಂಚಿದ್ದರು. ವಾಷಿಂಗ್ಟನ್ ಪ್ರಾಂತ್ಯದ ಮೊದಲ ಶಾಸನಸಭೆ ಬುಷ್ ಅವರ ಪರವಾಗಿ ಅಮೆರಿಕದ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿತು. 1855ರಲ್ಲಿ ವಿಶೇಷ ಕಾಯ್ದೆಯ ಮೂಲಕ 640 ಎಕರೆ ದೃಢವಾಯಿತು. ಒಬ್ಬರಿಗಾಗಿ ಕಾಯ್ದೆ ಮಾಡಿದವರು ಎಲ್ಲರನ್ನೂ ಹೊರಗಿಟ್ಟ ಕಾಯ್ದೆಯನ್ನು ಮುಟ್ಟಲಿಲ್ಲ. ಮತದಾನದ ಹಕ್ಕಿಲ್ಲದೆಯೇ ಬುಷ್ 1863ರಲ್ಲಿ ತೀರಿಕೊಂಡರು.

ಹಿರಿಯ ಮಗ ವಿಲಿಯಂ ಓವನ್ ಬುಷ್ ಬೆಳೆದ ಗೋಧಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಗಳಿಸಿತು. 1889ರಲ್ಲಿ ಅವರು ವಾಷಿಂಗ್ಟನ್‌ನ ಮೊದಲ ರಾಜ್ಯ ಶಾಸನಸಭೆಗೆ ಆಯ್ಕೆಯಾದರು. ಅಲ್ಲಿ ಕೃಷಿ ಕಾಲೇಜಿನ ಸ್ಥಾಪನೆಗಾಗಿ ಅವರು ಶ್ರಮಿಸಿದರು. ಆ ಕಾಲೇಜೇ ಇಂದಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ. ರಾಜಧಾನಿ ಒಲಿಂಪಿಯಾದ ಶಾಸನಸಭೆಯ ಆವರಣದಲ್ಲಿ ಬುಷ್ ಕುಟುಂಬಕ್ಕೊಂದು ಸ್ಮಾರಕ ಬಂದದ್ದು 2021ರಲ್ಲಿ, ಮಗ ಶಾಸಕರಾದ 132 ವರ್ಷಗಳ ಬಳಿಕ.