ತೇವ ಕುಡಿದ ಗೋಡೆಗಳು

ಹಳೆಯ ಕಟ್ಟಡಗಳು ನೀರಿನಿಂದ ಹಾಳಾಗುತ್ತವೆ ಎಂದರೆ ಗೌನಿಪಲ್ಲಿ ಕಡೆಯವರಿಗೆ ನಗು ಬಂದೀತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಕೋಲಾರ. ಆದರೆ ಗೋಡೆಯನ್ನು ಕೆಡಿಸಲು ನದಿ ಬೇಕಿಲ್ಲ. ಮುಚ್ಚಿಹೋದ ಒಂದು ಚರಂಡಿ, ಛಾವಣಿಯಲ್ಲಿ ಬೇರುಬಿಟ್ಟ ಒಂದು ಅರಳಿ ಸಸಿ ಸಾಕು.

ಕೋಲಾರ ಪಟ್ಟಣದಲ್ಲಿ ಹೈದರಲಿಯ ತಂದೆ ಫತೇ ಮುಹಮ್ಮದರ ಮಕ್ಬರಾ ಇದೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಲಿ ತೀರಿಕೊಂಡಾಗ ಮೃತದೇಹವನ್ನು ಮೊದಲು ಇಲ್ಲಿಗೇ ತರಲಾಯಿತು; ಬಳಿಕ ಶ್ರೀರಂಗಪಟ್ಟಣಕ್ಕೆ ಒಯ್ದು ಗುಂಬಜ್‌ನಲ್ಲಿ ದಫನ ಮಾಡಲಾಯಿತು. ಈ ಕಟ್ಟಡಗಳು ಎದ್ದ ಕಾಲಕ್ಕೆ ಸಿಮೆಂಟ್ ಎಂಬುದೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ದೊರೆತದ್ದು 1824ರಲ್ಲಿ. ಅಲ್ಲಿಯವರೆಗೆ ನಮ್ಮ ಮಸೀದಿ, ಗುಡಿ, ಕೋಟೆಗಳನ್ನು ಹಿಡಿದು ನಿಲ್ಲಿಸಿದ್ದು ಸುಣ್ಣದ ಗಾರೆ ಮತ್ತು ಮಣ್ಣು.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರು. ಇದು ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ. ಇಂಥ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಆಯುಷ್ಯದ ಗುಟ್ಟು ಇದೇ.

ನಾವು ತಪ್ಪುವುದೂ ಇಲ್ಲೇ. ಗಚ್ಚು ಉದುರಿತೆಂದು ಸಿಮೆಂಟ್ ಬಳಿಯುತ್ತೇವೆ, ಟೈಲ್ಸ್ ಅಂಟಿಸುತ್ತೇವೆ. ನೆಲದಿಂದ ಏರಿದ ತೇವಕ್ಕೆ ಹೊರದಾರಿ ಇಲ್ಲವಾಗಿ ಅದು ಇನ್ನೂ ಮೇಲಕ್ಕೆ ಹತ್ತುತ್ತದೆ. ಅದರೊಡನೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆ, ಗಾರೆಗಳನ್ನು ಪುಡಿ ಮಾಡುತ್ತದೆ. ಗ್ರಾನೈಟ್ ಕಲ್ಲಿಗೆ ಏನೂ ಆಗದಿರಬಹುದು, ಆದರೆ ಕಲ್ಲುಗಳ ಸಂದಿ ಸಡಿಲವಾಗುತ್ತದೆ. ಹೊರಗೆ ಹೊಳೆಯುವ ಗೋಡೆ ಒಳಗೆ ಸಾಯುತ್ತಿರುತ್ತದೆ.

ಹಳೆಯ ಗೋಡೆ ಕುಸಿದರೆ ಏನಾಗುತ್ತದೆಂಬುದನ್ನು ಮೈಸೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2022ರ ಅಕ್ಟೋಬರ್‌ನಲ್ಲಿ ಸತತ ಮಳೆಗೆ ಅರಮನೆಯ ಕೋಟೆಗೋಡೆಯ ಒಂದು ಭಾಗ ಬಿತ್ತು. ಇಂಥ ಕೋಟೆಗೋಡೆಗಳಲ್ಲಿ ಎರಡು ಕಲ್ಲಿನ ಮುಖಗಳ ನಡುವೆ ಮಣ್ಣು, ಜಲ್ಲಿ ತುಂಬಿರುತ್ತಾರೆ. ಅದು ನೀರು ಕುಡಿದು ಉಬ್ಬಿದರೆ ಹೊರಗಿನ ಕಲ್ಲನ್ನೇ ತಳ್ಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ನೀರು ಬರುವ ದಾರಿ ಹುಡುಕಬೇಕು. ಛಾವಣಿಯ ತೂಬು, ಸುತ್ತಲ ಚರಂಡಿ, ಬುಡಕ್ಕೆ ಏರಿದ ಮಣ್ಣು ಸರಿಯಾಗಬೇಕು. ಗಿಡವನ್ನು ಕಿತ್ತೆಳೆಯದೆ, ಕತ್ತರಿಸಿ ಬೇರು ಸಾಯಿಸಬೇಕು. ಸಿಮೆಂಟನ್ನು ಜೋಪಾನವಾಗಿ ತೆಗೆದು ಗೋಡೆಯನ್ನು ಒಣಗಲು ಬಿಡಬೇಕು; ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಸುಣ್ಣದ ಗಾರೆಯ ಸರದಿ ಕೊನೆಯದು.

ನಮ್ಮ ಮಸೀದಿ, ದರ್ಗಾ, ದೇವಾಲಯಗಳ ಸಮಿತಿಗಳು ಭಕ್ತಿಯಿಂದಲೇ ನವೀಕರಣಕ್ಕೆ ಹೊರಡುತ್ತವೆ. ಅದರಲ್ಲಿ ಸಂದೇಹವಿಲ್ಲ. ಆದರೆ ಚಂದಾ ಎತ್ತುವ ಮೊದಲು ಸುಣ್ಣದ ಕೆಲಸ ಬಲ್ಲ ಒಬ್ಬ ಹಿರಿಯ ಕುಶಲಕರ್ಮಿಯನ್ನು ಕರೆದು ಗೋಡೆ ತೋರಿಸಿದರೆ ನಷ್ಟವೇನು? ಇಂದಿಗೂ ಕಟ್ಟಡ ಕಟ್ಟುವವರನ್ನು ನಾವು ಗಾರೆಯವರೆಂದೇ ಕರೆಯುತ್ತೇವೆ. ಹೆಸರಿನಲ್ಲಿ ಉಳಿದಿರುವ ಗಾರೆ ಅವರ ಕೈಯಲ್ಲೂ ಉಳಿಯಲಿ.